ನೆಲಕ್ಕೆ ಮಲಗಿಸಿದ ಚಿತ್ರಗಳು

ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದುಕೊಂಡು, ಒಬ್ಬರ ಕೆಲಸವನ್ನು ಇನ್ನೊಬ್ಬರು ಕಣ್ಣೆತ್ತಿ ನೋಡದೆ ಅರ್ಧ ಆಯುಷ್ಯ ಕಳೆದುಬಿಡಬಹುದು. ಇದನ್ನು ಕೇಳಿ ಯಾರೂ ಅಯ್ಯೋ ಪಾಪ ಅನ್ನಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇರುತ್ತೆ, ಒಮ್ಮೆ ಯೋಚನೆ ಮಾಡಿ ನೋಡಿ. ಡ್ರಾಯಿಂಗ್ ಟೀಚರ್ ಮನೆಯಲ್ಲಂತೂ ಹಾಗೇ ಆಗಿತ್ತು. ಹಗಲು ಶಾಲೆಯಲ್ಲಿ ಮಕ್ಕಳಿಗೆ ಹೂದಾನಿ ಬರೆಯುವುದನ್ನು ಹೇಳಿಕೊಟ್ಟು, ಸಂಜೆ ಮನೆಗೆ ಬಂದು ತನ್ನ ಚಿತ್ರ ತಾನು ಬರೆಯುವವಳು ಅವಳು. ಅವಳ ಗಂಡ ಬಾಯ್ಲರ್ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವವನು. ಅವನು ಅವಳ ಚಿತ್ರ ನೋಡಿರಲಿಲ್ಲ, ಅವಳು ಅವನ ಕ್ರೇನ್ ನೋಡಿರಲಿಲ್ಲ.

ಕ್ರೇನ್ ಅಂದರೆ ರಸ್ತೆಯಲ್ಲಿ ಓಡಾಡುವಂಥದ್ದಲ್ಲ. ಶೆಡ್ಡಿನ ಎರಡು ಗೋಡೆಗಳ ತಲೆಯ ಮೇಲೆ ಹಳಿ, ಹಳಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡುವ ಉಕ್ಕಿನ ತೊಲೆ, ತೊಲೆಯ ಒಂದು ಪಕ್ಕದಲ್ಲಿ ನೇತುಬಿದ್ದ ಗಾಜಿನ ಗೂಡು. ಬೆಳಿಗ್ಗೆ ಗೂಡು ಹತ್ತಿದರೆ ಊಟಕ್ಕೆ ಇಳಿದರೆ ಇಳಿದ, ಇಲ್ಲದಿದ್ದರೆ ಸಂಜೆಗೇ. ಕೆಳಗಿನವರು ಕಬ್ಬಿಣದ ಪ್ಲೇಟಿಗೆ ಸರಪಳಿ ಬಿಗಿದು ಕೈ ಎತ್ತಿದರೆ ಸಾಕು, ಮಿಕ್ಕಿದ್ದು ಅವನ ಪಾಲು. ಹಾಗಾಗಿ ಶೆಡ್ಡಿನಲ್ಲಿ ಅವನಿಗೆ 'ಮೇಲಿನವನು' ಅಂತಲೇ ಹೆಸರು. ಭಾರದ ಕೆಲಸ ಬಂದಾಗೆಲ್ಲ 'ಮೇಲಿನವನು ನೋಡ್ಕೋತಾನೆ ಬಿಡು' ಅನ್ನೋರು. ದೇವರನ್ನು ನಂಬದ ಫಿಟ್ಟರುಗಳೂ ಆ ಮಾತು ಆಡೋರು.

ಶೆಡ್ಡಿನ ಗದ್ದಲದಲ್ಲಿ ಬಾಯಿ ಬಿಟ್ಟು ಪ್ರಯೋಜನವಿಲ್ಲ, ಮಾತೆಲ್ಲ ಕೈಯಲ್ಲಿ. ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಕೆಳಗೆ ಮಾಡಿ ತಿರುಗಿಸಿದರೆ ಇಳಿಸು, ಅಂಗೈ ತಳ್ಳಿದ ಕಡೆಗೆ ನಡೆ, ಮುಷ್ಟಿ ಬಿಗಿದರೆ ಸಾಕು, ನಿಲ್ಲು. ಈ ಭಾಷೆ ಮನೆಗೂ ಬಂತು. ಬಡಿಸುವಾಗ ಅವನು ಸಾಕು ಅಂತ ಬಾಯಲ್ಲಿ ಹೇಳುತ್ತಿರಲಿಲ್ಲ, ತಟ್ಟೆಯ ಮೇಲೆ ಮುಷ್ಟಿ ಬಿಗಿಯುತ್ತಿದ್ದ. ಮನೆ ಬಾಗಿಲ ಗಂಟೆಯನ್ನೂ ಕ್ರೇನಿನ ಗಂಟೆಯ ಹಾಗೇ ಒತ್ತುವವನು: ಎರಡು ಗಿಡ್ಡ, ಒಂದು ಉದ್ದ. ಅವನ ತಂಗಿ ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವವಳು, ನಾಲಿಗೆ ಕತ್ತರಿಗಿಂತ ಚೂಪು. "ನಮ್ಮಣ್ಣ ಮನೆಗೆ ಬರಲ್ಲ ಅತ್ತಿಗೆ, ಮನೆಗೆ ಇಳೀತಾನೆ" ಅಂತ ನಗೋಳು.

ಹಗಲೆಲ್ಲ ಮುಚ್ಚಿದ್ದ ಬಾಯಿ ಸಂಜೆ ಬಿಚ್ಚಿಕೊಳ್ಳುತ್ತಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅಂದು ಮೇಲಿಂದ ಕಂಡದ್ದನ್ನೆಲ್ಲ ಹೇಳುವನು. "ಇವತ್ತು ಕಟಿಂಗ್ ಜಾಗದಲ್ಲಿ ಇಬ್ಬರು ಎದುರುಬದುರು ಕೂತು ಗ್ಯಾಸಿನ ಬೆಂಕೀಲಿ ಒಂದೇ ಪ್ಲೇಟು ಕೊಯ್ತಿದ್ರು. ಮೇಲಿಂದ ನೋಡಿದ್ರೆ ಕಪ್ಪು ಬಟ್ಟೆಗೆ ಎರಡು ಕಡೆಯಿಂದ ಕಿತ್ತಳೆ ದಾರ ಹಾಕಿ ಹೊಲಿದ ಹಾಗಿತ್ತು ಕಣೇ." ಅವಳು ಪಾತ್ರೆ ಉಜ್ಜುತ್ತ ಹೂಂಗುಟ್ಟುವಳು. ಅವನು ಮಲಗಲು ಹೋದಮೇಲೆ ಹಿಂದಿನ ಕೋಣೆಯಲ್ಲಿ ದಪ್ಪ ಬಟ್ಟೆಯನ್ನು ನೆಲಕ್ಕೆ ಹಾಸಿ, ಸ್ಟೂಲಿನ ಮೇಲೆ ನಿಂತು ನೋಡಿ, ಇಳಿದು ಬಣ್ಣ ಬಳಿದು, ಮತ್ತೆ ಸ್ಟೂಲು ಹತ್ತಿ ನೋಡುವಳು. ಆ ಕೋಣೆಗೆ ಅದಕ್ಕಿಂತ ಎತ್ತರ ಇರಲಿಲ್ಲ. ಬಣ್ಣ ಆರಿದ ಮೇಲೆ ಸುತ್ತಿ ಮಂಚದ ಕೆಳಗೆ ತಳ್ಳುವಳು. ಅವನಿಗೆ ಕಂಡದ್ದು ಬರೀ ಸುರುಳಿ. "ಟೀಚರ್ ಮಂಚದ ಕೆಳಗೆ ಚಾಪೆ ಅಂಗಡಿ ಇಟ್ಟಿದ್ದಾಳೆ" ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

ಅವನಿಗೆ ಯಾಕೆ ತೋರಿಸಲಿಲ್ಲ ಅಂದರೆ, ನಾಚಿಕೆ. ಗಂಡನ ಮಾತು ಕದ್ದು ಬಣ್ಣ ಮಾಡಿಕೊಂಡವಳು ಅನ್ನಿಸಿಕೊಳ್ಳುವ ನಾಚಿಕೆ. ಅದೂ ಅಲ್ಲದೆ ಆ ಚಿತ್ರಗಳಲ್ಲಿ ಮನುಷ್ಯರ ಮುಖವಿಲ್ಲ, ಮರಗಿಡವಿಲ್ಲ. ಒಂದು ಕಪ್ಪು ಚೌಕ, ಅದರ ಅಂಚಿಗೆ ಕಿತ್ತಳೆ ಗೆರೆ, ಅಲ್ಲಲ್ಲಿ ಹಳದಿ ಚುಕ್ಕಿ. ಹಳದಿ ಚುಕ್ಕಿ ಅಂದರೆ ಕೆಲಸಗಾರರ ಟೋಪಿ. ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಅವನು 'ಹೌದಾ' ಅಂದುಬಿಟ್ಟರೆ? ಆ ಒಂದು 'ಹೌದಾ'ಗೆ ಹೆದರಿ ಅವಳು ವರ್ಷಗಟ್ಟಲೆ ಸುಮ್ಮನಿದ್ದಳು.

ಆಮೇಲೆ ಕಾರ್ಖಾನೆ ಮುಚ್ಚಿತು. ಮುಚ್ಚಿದ್ದಷ್ಟೇ ಆಗಿದ್ದರೆ ಎಲ್ಲರ ಹಾಗೆ ಅವನೂ ಎರಡು ದಿನ ಬೈದು ಸುಮ್ಮನಾಗುತ್ತಿದ್ದನೇನೋ. ಆದರೆ ಮಷೀನುಗಳನ್ನು ಗುಜರಿಗೆ ಹಾಕಬೇಕಲ್ಲ, ಲಾರಿಗೆ ಏರಿಸುವವರು ಯಾರು? ಮೇಲಿನವನೇ. ಪ್ಲೇಟು ಬಗ್ಗಿಸುವ ರೋಲರು, ತೂತು ಕೊರೆಯುವ ಮಷೀನು, ಒಂದೊಂದನ್ನೂ ಅವನೇ ಕೊಕ್ಕೆಗೆ ಸಿಕ್ಕಿಸಿಕೊಂಡು ದೊಡ್ಡ ಬಾಗಿಲ ಹತ್ತಿರ ತಂದು ಲಾರಿಗಿಟ್ಟ. ಕೊನೆಯ ಲಾರಿ ಹೋದ ಸಂಜೆ ಮನೆಗೆ ಬಂದು ಹೊಸ್ತಿಲಲ್ಲಿ ಕೂತ, ಏನೂ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಅವಳು ಕೆದಕಿ ಕೇಳಿದ್ದಕ್ಕೆ ಒಂದೇ ಮಾತು: "ನನ್ನ ಕೈಯಾರೆ ಖಾಲಿ ಮಾಡಿದ್ದೀನಿ. ಹೇಳೋಕೆ ಅಲ್ಲಿ ಏನಿದೆ?" ಅಲ್ಲಿಂದಾಚೆಗೆ ಸಂಜೆಯ ಕಥೆ ನಿಂತೇಹೋಯಿತು. ಕಾರ್ಖಾನೆಯ ಬೀದಿಗೂ ಅವನು ಕಾಲಿಡಲಿಲ್ಲ. ಮಾರುಕಟ್ಟೆಗೆ ಹೋಗಲು ಸುತ್ತು ಹಾಕಿ ಹೋಗುತ್ತಿದ್ದ. ಬಡಿಸುವಾಗ ಮುಷ್ಟಿಯನ್ನೂ ಬಿಗಿಯುತ್ತಿರಲಿಲ್ಲ, ಹಾಕಿದ್ದಷ್ಟನ್ನು ತಿಂದು ಎದ್ದುಹೋಗುತ್ತಿದ್ದ.

ಅವಳು ಅದನ್ನೂ ಬರೆದಳು. ಅವನು ಹೇಳದೆಯೇ ಅವಳು ಬರೆದ ಒಂದೇ ಚಿತ್ರ ಅದು, ಎಲ್ಲಕ್ಕಿಂತ ಚಿಕ್ಕದು. ಬೀರು ಸರಿಸಿದಾಗ ಗೋಡೆಯಲ್ಲಿ ಅದರ ಗುರುತು ತೆಳ್ಳಗೆ ಉಳಿಯುತ್ತಲ್ಲ, ಹಾಗೆ ಬೂದು ನೆಲದ ಮೇಲೆ ಮಷೀನುಗಳಿದ್ದ ಗುರುತು, ಬೋಲ್ಟು ಕಿತ್ತ ತೂತುಗಳು, ತುಕ್ಕಿನ ಒಂದು ಉಂಗುರ. ಹಳದಿ ಚುಕ್ಕಿ ಒಂದೂ ಇಲ್ಲ.

ಪ್ರದರ್ಶನದ ಮಾತು ತಂದದ್ದು ಅವಳ ಹಳೆಯ ವಿದ್ಯಾರ್ಥಿನಿ. ಶಾಲೆಯಲ್ಲಿದ್ದಾಗ ಮುಖಕ್ಕಿಂತ ದೊಡ್ಡ ಕನ್ನಡಕ ಹಾಕುತ್ತಿದ್ದವಳು, ಈಗಲೂ ಟೀಚರ್ ಅವಳನ್ನು ಕನ್ನಡಕ ಅಂತಲೇ ಕರೆಯುವುದು. ಹೊಸ ಕಾಲದ ಚಿತ್ರಗಳನ್ನು ಅಲ್ಲಿ ಇಲ್ಲಿ ತೋರಿಸುವುದೇ ಅವಳ ಉದ್ಯೋಗ. ಒಂದು ದಿನ ಮಂಚದ ಕೆಳಗಿನ ಸುರುಳಿ ಬಿಚ್ಚಿ ನೋಡಿ ಬಾಯಿ ತೆರೆದವಳು ಮುಚ್ಚಲಿಲ್ಲ. ಆದರೆ ಊರಿನ ಗ್ಯಾಲರಿಗಳ ಗೋಡೆಗೆ ಆ ಚಿತ್ರಗಳು ಹಿಡಿಸಲಿಲ್ಲ. ಒಬ್ಬರು ತೀರಾ ದೊಡ್ಡದಾಯಿತು ಅಂದರು, ಇನ್ನೊಬ್ಬರು ಕತ್ತರಿಸಿ ಎರಡು ಮಾಡಿಕೊಡಿ ಅಂದರು. ಟೀಚರ್‌ಗೆ ಮೈಯೆಲ್ಲ ಉರಿದುಹೋಯಿತು. ಕೊನೆಗೆ ಕನ್ನಡಕ ಓಡುತ್ತ ಬಂದು, ಬಾಯ್ಲರ್ ಶೆಡ್ಡು ಖಾಲಿ ಬಿದ್ದಿದೆ, ಮಾಲೀಕರು ಒಪ್ಪಿದ್ದಾರೆ, ಅದಕ್ಕಿಂತ ಒಳ್ಳೆ ಜಾಗ ಹುಟ್ಟಿಸಿದರೂ ಸಿಗಲ್ಲ ಅಂದಳು.

ಆ ರಾತ್ರಿ ಊಟದ ಹೊತ್ತಿಗೆ ಟೀಚರ್ ವಿಷಯ ತೆಗೆದಳು. ತುತ್ತು ಅವನ ಕೈಯಲ್ಲೇ ನಿಂತಿತು.

"ಊರಲ್ಲಿ ಬೇರೆ ಜಾಗ ಇರಲಿಲ್ವಾ?"

"ಇರಲಿಲ್ಲ ಕಣ್ರೀ. ಎಲ್ಲಾ ಕಡೆ ಕೇಳಿ ಆಯ್ತು."

"ನೀನು ಮಾಡ್ಕೋ. ನಾನು ಬೇಡ ಅನ್ನಲ್ಲ. ನನ್ನನ್ನ ಕರೀಬೇಡ."

"ನೀವು ಬರದೇ ಇದ್ರೆ ಯಾರಿಗೆ ಅಂತ ತೋರಿಸಲಿ?"

"ನೋಡೋರು ಬರ್ತಾರೆ. ಆ ಖಾಲಿ ನೆಲದ ಮೇಲೆ ನಿಂತು ನಗ್ತಾ ಮಾತಾಡೋಕೆ ನನ್ನಿಂದ ಆಗಲ್ಲ."

ಅಷ್ಟಂದು ಎದ್ದು ಕೈ ತೊಳೆದುಕೊಂಡ. ಅವಳಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಪ್ರದರ್ಶನ ಬಿಡುತ್ತೇನೆ ಅಂದರೆ ಕನ್ನಡಕ ಅಳುತ್ತಾಳೆ. ಮಾಡಿದರೆ ಗಂಡನ ಹುಣ್ಣಿನ ಮೇಲೆ ನಾಲ್ಕು ಜನರನ್ನು ಕರೆದು ಕುಣಿಸಿದ ಹಾಗೆ. ಅವಳಿಗೆ ಬೇಕಾಗಿದ್ದದ್ದು ಹೊಗಳಿಕೆಯಲ್ಲ. ಅವನು ಒಮ್ಮೆ ಬಂದು ನೋಡಬೇಕು, ಮತ್ತೆ ಹೊಸ್ತಿಲಲ್ಲಿ ಕೂತು ಮಾತಾಡಬೇಕು, ಇಷ್ಟೇ. ಅವನು ಬಾರದೆ ಹೋದರೆ ಈ ಮೌನ ಇನ್ನು ಸಾಯೋ ತನಕ ಹೀಗೇ ಅನ್ನುವುದು ಅವಳಿಗೆ ಖಾತ್ರಿಯಾಗಿತ್ತು.

ಪ್ರದರ್ಶನದ ಹಿಂದಿನ ದಿನ ಅವಳು ಮೊದಲ ಸಲ ಆ ಶೆಡ್ಡಿನೊಳಗೆ ಕಾಲಿಟ್ಟಳು. ಹೊರಗಿನ ಗೇಟಿಗೆ ಎಷ್ಟೋ ಸಲ ಊಟದ ಡಬ್ಬಿ ತಂದುಕೊಟ್ಟು ಹೋಗಿದ್ದಳು, ಒಳಗೆ ಬಿಡುತ್ತಿರಲಿಲ್ಲ. ಎಣ್ಣೆ ಕುಡಿದು ಕಪ್ಪಾದ ನೆಲ, ಮಸಿ ಹಿಡಿದ ಇಟ್ಟಿಗೆ, ಛಾವಣಿಯ ಒಡೆದ ಗಾಜಿನಿಂದ ಇಳಿದ ಬಿಸಿಲು, ಅದರಲ್ಲಿ ಧೂಳು. ಎಲ್ಲಕ್ಕೂ ಮೇಲೆ, ಒಂದು ತುದಿಯಲ್ಲಿ, ಗಾಜಿನ ಗೂಡು. ಇಷ್ಟು ಎತ್ತರ ಅಂತ ಅವಳು ಎಣಿಸಿರಲಿಲ್ಲ. ಕತ್ತೆತ್ತಿ ನೋಡುತ್ತ ನಿಂತವಳ ಕಣ್ಣು ತುಂಬಿ ಬಂತು, ಧೂಳು ಅಂತ ಒರೆಸಿಕೊಂಡಳು.

ಗೋಡೆಗೆ ಮೊಳೆ ಹೊಡೆದರೆ ಇಟ್ಟಿಗೆ ಹಿಟ್ಟಿನ ಹಾಗೆ ಉದುರಿತು. ಬಡಗಿಗೆ ಮರದ ಸ್ಟ್ಯಾಂಡುಗಳನ್ನು ಹೇಳಿದ್ದಾಗಿತ್ತು, ನಾಳೆ ತರುತ್ತೇನೆ ಅಂದ. ಸರಿ, ಚೌಕಟ್ಟಿಗೆ ಬಿಗಿದ ಚಿತ್ರಗಳನ್ನೆಲ್ಲ ಅಲ್ಲಿಯವರೆಗೆ ಗೋಡೆಗೆ ಒರಗಿಸಿಟ್ಟರು. ಚಿಕ್ಕ ಬೂದು ಚಿತ್ರವನ್ನು ಕನ್ನಡಕ ಬಾಗಿಲ ಪಕ್ಕದಲ್ಲೇ ಇಟ್ಟಳು. "ಒಳಗೆ ಬರ್ತಿದ್ದ ಹಾಗೇ ಇದು ಕಾಣಬೇಕು ಟೀಚರ್." ಟೀಚರ್‌ಗೆ ಗಂಡನ ನೆನಪಾಯಿತು. ಅವನು ಅಪ್ಪಿತಪ್ಪಿ ಬಂದರೂ ಇದನ್ನು ಕಂಡು ಬಾಗಿಲಿಂದಲೇ ವಾಪಸು ಹೋಗುತ್ತಾನೆ. ಆದರೂ ಬೇಡ ಅನ್ನಲಿಲ್ಲ, ಬರದವನಿಗೋಸ್ಕರ ಯಾವುದನ್ನು ಮುಚ್ಚಿಡುವುದು?

ಮಾರನೆಯ ಬೆಳಿಗ್ಗೆ ಅವಳು, ನಾದಿನಿ, ಕನ್ನಡಕ ಮೂವರೂ ಶೆಡ್ಡಿಗೆ ಬಂದು ನೋಡುತ್ತಾರೆ, ಗೋಡೆಯ ಹತ್ತಿರ ಒಂದು ಚಿತ್ರವೂ ಇಲ್ಲ. ಎಲ್ಲವೂ ನೆಲದ ಮೇಲೆ. ಮುಖ ಮೇಲೆ, ಕೆಳಗೆ ಮರದ ತುಂಡುಗಳ ಆಸರೆ, ನಡುವೆ ಓಡಾಡಲು ಅಚ್ಚುಕಟ್ಟಾದ ದಾರಿ, ಸಾಲಾಗಿ ಮಲಗಿಸಿಟ್ಟಿದೆ. ಪಕ್ಕದಲ್ಲಿ ಫೋರ್‌ಮನ್ ಸಾಹೇಬರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ, ಮುಖ ಕೆಂಪು.

ಇವರು ಯಾರೆಂದು ಹೇಳಿಬಿಡುತ್ತೇನೆ. ಕಾರ್ಖಾನೆ ಮುಚ್ಚಿದ ಮೇಲೂ ಶೆಡ್ಡು ಬಿಟ್ಟು ಹೋಗದ ಒಬ್ಬರೇ ಮನುಷ್ಯ. ಮಾಲೀಕರಿಗೆ ಕ್ರೇನ್ ಮಾರುವ ಆಸೆ, ಅದಕ್ಕೆ ಎಣ್ಣೆ, ಗ್ರೀಸು ಹಾಕಿಕೊಂಡು ಕಾಯಲು ಇವರನ್ನೇ ಇಟ್ಟಿದ್ದರು. ಹಿಂದೆ ಯಾವನೋ ಗೋಡೆಗೆ ಒರಗಿಸಿಟ್ಟ ಪ್ಲೇಟು ಜಾರಿ ಇವರ ಪಾದದ ಮೇಲೆ ಬಿದ್ದಿತ್ತು, ಅಂದಿನಿಂದ ಎಡಗಾಲು ಕುಂಟು. ಅಂದಿನಿಂದಲೇ ಶೆಡ್ಡಿನ ಗೋಡೆಯ ಮೇಲೆ ಆಳೆತ್ತರದ ಕೆಂಪು ಅಕ್ಷರ: 'ಪ್ಲೇಟು ಒರಗಿಸಬೇಡಿ, ಮಲಗಿಸಿ'. ಹಿಂದಿನ ದಿನ ಮಗಳ ಮನೆಗೆ ಹೋಗಿದ್ದವರು ಬೆಳಗಾಗುತ್ತಲೇ ಬಂದು ಬಾಗಿಲು ತೆಗೆದಿದ್ದಾರೆ, ಗೋಡೆಯುದ್ದಕ್ಕೂ ದೊಡ್ಡ ದೊಡ್ಡದು ಒರಗಿಕೊಂಡು ನಿಂತಿದೆ. ಬಟ್ಟೆಯೋ ಬಣ್ಣವೋ ಅಂತ ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಗೇಟಿನ ಚಹಾ ಅಂಗಡಿಯಲ್ಲಿ ಕೂತಿದ್ದ ಇಬ್ಬರು ಹಳೆಯ ಫಿಟ್ಟರುಗಳನ್ನು ಎಳೆದುಕೊಂಡು ಬಂದು ಎಲ್ಲವನ್ನೂ ಮಲಗಿಸಿಬಿಟ್ಟಿದ್ದಾರೆ.

"ಟೀಚರಮ್ಮ, ನಿಮ್ಮ ಮೇಲೆ ನನಗೆ ಗೌರವ ಇದೆ" ಅಂದರು. "ಆದ್ರೆ ನಾನಿರೋ ತನಕ ಈ ಶೆಡ್ಡಿನಲ್ಲಿ ಒರಗಿಸಿದ್ದು ಒಂದೂ ಇರಕೂಡದು."

"ಸರ್, ಅದು ಪ್ಲೇಟಲ್ಲ, ಚಿತ್ರ" ಅಂದಳು ಕನ್ನಡಕ. "ಎರಡು ಬೆರಳಲ್ಲಿ ಎತ್ತಬಹುದು. ಬಿದ್ರೂ ಇರುವೆ ಸಾಯಲ್ಲ."

"ಪ್ಲೇಟು ಬೀಳೋದಕ್ಕೆ ಮುಂಚೆ ಅದನ್ನ ಒರಗಿಸಿಟ್ಟವನೂ ಹಾಗೇ ಅಂದಿದ್ದ."

ಅಷ್ಟರಲ್ಲಿ ಬಡಗಿಯ ಫೋನು ಬಂತು, ಸ್ಟ್ಯಾಂಡು ಇವತ್ತು ಆಗಲ್ಲ ಅಂತ. ಕನ್ನಡಕ ಅಲ್ಲೇ ಮರದ ಪೆಟ್ಟಿಗೆಯ ಮೇಲೆ ಕುಸಿದಳು. "ಸಂಜೆ ಜನ ಬರ್ತಾರೆ ಟೀಚರ್. ಪ್ರದರ್ಶನ ಶುರುವಾಗೋ ಮುಂಚೇನೇ ಮಲಗಿಬಿಡ್ತು."

ನಾದಿನಿಗೆ ನಗು ತಡೆಯಲಿಲ್ಲ. ಟೀಚರ್ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಸಾಲಿನ ನಡುವೆ ನಡೆದುಕೊಂಡು ಹೋಗಿ ಒಂದೊಂದನ್ನೂ ನೋಡಿದಳು. ನಿನ್ನೆ ಗೋಡೆಗೆ ಒರಗಿ ನಿಂತಾಗ ಯಾರದೋ ಚಿತ್ರಗಳ ಹಾಗೆ ಕಂಡಿದ್ದವು. ಈಗ ಹಿಂದಿನ ಕೋಣೆಯಲ್ಲಿ ಕಂಡ ಹಾಗೇ ಕಾಣುತ್ತಿವೆ. ನೆಲಕ್ಕೆ ಹಾಸಿ ಬರೆದದ್ದಲ್ಲವೇ, ನೆಲಕ್ಕೇ ವಾಪಸು ಬಂದಿವೆ.

"ಹೀಗೇ ಇರಲಿ ಮಗೂ" ಅಂದಳು.

"ಇರಲಿ ಅಂದ್ರೆ ನೋಡೋದು ಹೇಗೆ ಅತ್ತಿಗೆ?" ನಾದಿನಿ ಒಂದು ಚಿತ್ರದ ಅಂಚಿಗೆ ನಿಂತು ಕತ್ತು ಉದ್ದ ಮಾಡಿದಳು. "ಓರೆಯಾಗಿ ಒಂದು ಕಪ್ಪು ಪಟ್ಟಿ ಕಾಣತ್ತೆ ಅಷ್ಟೆ. ಇದನ್ನ ನೋಡೋಕೆ ಜಿರಾಫೆಗಳನ್ನ ಕರೀಬೇಕು." ಹೇಳುತ್ತ ಹೇಳುತ್ತ ಅವಳ ಕಣ್ಣು ಮೇಲಕ್ಕೆ ಹೋಯಿತು, ಗಾಜಿನ ಗೂಡಿನ ಮೇಲೆ ನಿಂತಿತು. ಮತ್ತೆ ಕೆಳಗೆ ಚಿತ್ರ ನೋಡಿದಳು. ಆಮೇಲೆ ಫೋರ್‌ಮನ್ ಸಾಹೇಬರ ಮುಖ ನೋಡಿದಳು. "ಚಹಾಕ್ಕೆ ಹಾಲು ಸಾಲಲ್ಲ ಅನ್ಸತ್ತೆ, ತರ್ತೀನಿ" ಅಂತ ಹೋದವಳು ಸಂಜೆಯಾದರೂ ಪತ್ತೆಯಿಲ್ಲ.

ಸಂಜೆ ಜನ ಬಂದರು. ಟೀಚರ್ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಬಂದರು. ಕನ್ನಡಕದ ಕಡೆಯವರು, ಶಾಲೆಯ ಸಹೋದ್ಯೋಗಿಗಳು, ಪತ್ರಿಕೆಯವನೊಬ್ಬ. ಫೋರ್‌ಮನ್ ಸಾಹೇಬರು ಹೇಳಿ ಕಳಿಸಿದ್ದಕ್ಕೆ ಹಳೆಯ ಕೆಲಸಗಾರರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿದ್ದರು. ಜನ ಚಿತ್ರಗಳ ಸಂದಿಯಲ್ಲೆಲ್ಲ ತುಂಬಿಕೊಂಡು, ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಏಳುತ್ತಿದ್ದರು. ಯಾರೋ ಚಹಾದ ಲೋಟವನ್ನು ಚೌಕಟ್ಟಿನ ಮೇಲೇ ಇಟ್ಟರು. ಪತ್ರಿಕೆಯವನು ಟೀಚರ್ ಹತ್ತಿರ ಬಂದು, ಚಿತ್ರವನ್ನು ಗೋಡೆಯಿಂದ ಬಿಡುಗಡೆ ಮಾಡಿದ್ದು ಬಹಳ ದಿಟ್ಟ ನಿರ್ಧಾರ ಅಂದ. "ಫೋರ್‌ಮನ್ ಸಾಹೇಬರದ್ದು" ಅಂದಳು ಅವಳು. ಅವನು ಅದನ್ನೂ ಬರೆದುಕೊಂಡ.

ಅವಳ ಕಣ್ಣೆಲ್ಲ ದೊಡ್ಡ ಬಾಗಿಲ ಮೇಲೆ. ಬಂದವರೆಲ್ಲ ಯಾರೋ. ಒಬ್ಬೊಬ್ಬರ ನೆರಳು ಬಾಗಿಲಿಗೆ ಬಿದ್ದಾಗಲೂ ಮನಸ್ಸು ಹಾರಿ ಕೂತುಕೊಳ್ಳುವುದು. ಬಿಸಿಲು ವಾಲಿತು, ಛಾವಣಿಯ ದೀಪ ಹಾಕಿದರು. ಬರಲ್ಲ ಅಂದವನು ಬರಲಿಲ್ಲ, ಇದರಲ್ಲಿ ಹೊಸದೇನಿದೆ, ಮೊದಲೇ ಹೇಳಿದ್ದನಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಏನೂ ಆಗಲಿಲ್ಲ. ಇನ್ನು ಸಾಕು, ಮನೆಗೆ ಹೋಗುತ್ತೇನೆ ಅಂತ ಕನ್ನಡಕಕ್ಕೆ ಹೇಳಲು ತಿರುಗಿದಳು.

ಆಗ ಗಂಟೆ ಬಾರಿಸಿತು. ಎರಡು ಗಿಡ್ಡ, ಒಂದು ಉದ್ದ.

ಮನೆ ಬಾಗಿಲಲ್ಲಿ ಎಷ್ಟು ಸಲ ಕೇಳಿದ ಗಂಟೆ! ಅವಳ ಕೈಕಾಲೇ ಆಡಲಿಲ್ಲ. ಆದರೆ ಕೆಲಸಗಾರರ ಕೈಕಾಲು ಆಡಿದವು. ಕ್ರೇನಿನ ಗಂಟೆ ಬಾರಿಸಿದರೆ ನೆಲ ಬಿಟ್ಟು ಗೋಡೆಬದಿಯ ಹಳದಿ ಗೆರೆಯ ಆಚೆ ನಿಲ್ಲಬೇಕು, ಅದು ಶೆಡ್ಡಿನ ಕಾನೂನು. ಮಾತಿನ ಮಧ್ಯೆ ಇದ್ದವರು ಮಾತು ಅಲ್ಲೇ ಬಿಟ್ಟು, ಲೋಟ ಹಿಡಿದವರು ಲೋಟ ಹಿಡಿದುಕೊಂಡೇ, ಎಲ್ಲರೂ ಒಂದೇ ಸಲಕ್ಕೆ ಗೋಡೆಗೆ ಸರಿದರು. ಸರಿಯದೆ ನಿಂತ ಅತಿಥಿಗಳ ರಟ್ಟೆ ಹಿಡಿದು ಎಳೆದುಕೊಂಡರು. "ಸ್ವಾಮಿ, ಗಂಟೆ ಕೇಳಲಿಲ್ವಾ? ಬನ್ನಿ ಈಚೆಗೆ." ಒಬ್ಬ ಫಿಟ್ಟರು ಪತ್ರಿಕೆಯವನನ್ನು ಎತ್ತಿಕೊಂಡೇ ಹೋದನೋ ಏನೋ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ನೆಲ ಖಾಲಿ. ಖಾಲಿ ಅಂದರೆ ಖಾಲಿಯಲ್ಲ, ಚಿತ್ರಗಳಷ್ಟೇ ಉಳಿದವು.

ಅವನು ಯಾವಾಗ ಬಂದ, ಹೇಗೆ ಬಂದ? ನಾದಿನಿ ಬೆವರು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತಳು. "ಹಿಂದಿನ ಓಣಿ ಕಡೆಯಿಂದ ಕಬ್ಬಿಣದ ಮೆಟ್ಟಿಲಿದ್ಯಲ್ಲ ಅತ್ತಿಗೆ, ಅಲ್ಲಿಂದ ಸೀದಾ ಗೂಡಿಗೇ ಹತ್ತಿಸಿದೆ. ಖಾಲಿ ನೆಲ ತುಳಿಯೋಕೆ ಆಗಲ್ಲ ಅಂತಾನೆ ತಾನೇ? ತುಳೀಬೇಡ, ಮೇಲಿಂದ ನೋಡು ಅಂದೆ. ಎಷ್ಟು ಹೊತ್ತು ಜಗಳ ಆಡಿದ್ದೀನಿ ಗೊತ್ತಾ? ಹಾಲೂ ತಂದಿಲ್ಲ." ಫೋರ್‌ಮನ್ ಸಾಹೇಬರು ಏನೂ ಗೊತ್ತಿಲ್ಲದವರ ಹಾಗೆ ಛಾವಣಿ ನೋಡುತ್ತಿದ್ದರು. ಹಿಂದಿನ ಬಾಗಿಲ ಬೀಗ ತೆಗೆದಿಟ್ಟವರು ಯಾರು ಅಂತ ಕೇಳುವ ಅಗತ್ಯ ಇರಲಿಲ್ಲ.

ಗಾಜಿನ ಹಿಂದೆ ಅವನ ಮುಖ ಕೆಳಕ್ಕೆ ಬಾಗಿತ್ತು. ಈಗ ಆ 'ಹೌದಾ' ಬರುತ್ತೆ ಅಂತ ಟೀಚರ್ ಕಾದಳು. ಗೂಡಿನ ಕಿಟಕಿ ಸರಿಯಿತು. ಒಂದು ಕೈ ಹೊರಗೆ ಬಂತು. ಬೆರಳು ಒಂದು ಚಿತ್ರವನ್ನು ತೋರಿಸಿತು, ಲಟ್ಟಣಿಗೆಯಂಥ ಮೂರು ಬೂದು ಪಟ್ಟಿಗಳು ಒಂದರ ಮೇಲೊಂದು ಮಲಗಿದ್ದ ಚಿತ್ರ. ಆಮೇಲೆ ಅಂಗೈ ಎಡಕ್ಕೆ ತಳ್ಳಿತು.

"ಸರಿಸು ಅಂತಾನೆ" ಅಂದರು ಫೋರ್‌ಮನ್ ಸಾಹೇಬರು. ಇಬ್ಬರು ಫಿಟ್ಟರುಗಳು ಓಡಿದರು, ಎತ್ತಿದರು. ಅಂಗೈ ಇನ್ನೂ ತಳ್ಳುತ್ತಲೇ ಇತ್ತು, ಎಡಕ್ಕೆ, ಇನ್ನೂ ಎಡಕ್ಕೆ, ಕಂಬ ದಾಟಿ, ಮೂಲೆಗೆ. ಮೂಲೆಯ ನೆಲದಲ್ಲಿ ಬೋಲ್ಟು ಕಿತ್ತ ತೂತುಗಳಿದ್ದವು. ಚಿತ್ರ ಅದರ ಮೇಲೆ ಬರುತ್ತಲೇ ಮುಷ್ಟಿ ಬಿಗಿಯಿತು.

ಫೋರ್‌ಮನ್ ಸಾಹೇಬರು ಕುಂಟುತ್ತ ಹತ್ತಿರ ಹೋಗಿ ಬಗ್ಗಿ ನೋಡಿದರು. ಸೊಂಟ ನೆಟ್ಟಗೆ ಮಾಡಿ ಟೀಚರ್ ಕಡೆ ತಿರುಗಿದವರ ದನಿ ಗಡುಸಾಗಿತ್ತು. "ಟೀಚರಮ್ಮ, ಇದು ನಮ್ಮ ರೋಲರು. ಇಲ್ಲೇ ಇತ್ತು."

ಅವಳು ಬಾಯಿ ಮುಚ್ಚಿಕೊಂಡು ಅತ್ತಳು. ಯಾರೂ ಬಿಡಿಸಿ ಹೇಳಿರಲಿಲ್ಲ, ಹೆಸರಿನ ಚೀಟಿಯೂ ಅಂಟಿಸಿರಲಿಲ್ಲ. ಅವನಿಗೆ ತಿಳಿದಿತ್ತು. ಅವನು ಹೇಳಿದ್ದನ್ನು ಅವಳು ಬರೆದಿದ್ದಳು, ಅವಳು ಬರೆದದ್ದನ್ನು ಅವನು ಓದಿದ್ದ. ಇಷ್ಟು ವರ್ಷದ ಹೆದರಿಕೆ ಎದೆಯಿಂದ ಇಳಿದು ಹೋಗಿ ಮೈ ಹಗುರಾಯಿತು.

ಆಮೇಲೆ ನಡೆದದ್ದನ್ನು ಪ್ರದರ್ಶನ ಅನ್ನಬೇಕೋ, ಪಾಳಿ ಶುರುವಾಯಿತು ಅನ್ನಬೇಕೋ ತಿಳಿಯದು. ಮೇಲಿನ ಕೈ ತೋರಿಸಿತು, ಕೆಳಗಿನವರು ಎತ್ತಿದರು. ಕಿತ್ತಳೆ ದಾರದ ಚಿತ್ರ ಕಟಿಂಗ್ ಜಾಗಕ್ಕೆ ಹೋಯಿತು. ನೀಲಿ ಬೆಳಕು ಚೆಲ್ಲಿದ್ದು ವೆಲ್ಡಿಂಗ್ ಮಾಡುತ್ತಿದ್ದಲ್ಲಿಗೆ. ಹಳದಿ ಚುಕ್ಕಿಗಳು ಒಟ್ಟಾಗಿ ಗುಂಪುಗೂಡಿದ್ದ ಚಿತ್ರಕ್ಕೆ ಕೈ ಬಂದಾಗ ಕೆಲಸಗಾರರು ತಾವೇ ನಕ್ಕು, ಅಪ್ಪಣೆಗೂ ಕಾಯದೆ ಕುಡಿಯುವ ನೀರಿನ ನಲ್ಲಿಯ ಹತ್ತಿರ ಹೊತ್ತುಕೊಂಡು ಹೋದರು. "ನಾವೆಲ್ಲ ಅಲ್ಲೇ ಕೆಲಸ ಕದೀತಿದ್ದದ್ದು ಅಮ್ಮಾ" ಅಂತ ಒಬ್ಬ ಹೇಳಿದ. ಅತಿಥಿಗಳೂ ತೋಳು ಮಡಿಸಿ ಕೈ ಜೋಡಿಸಿದರು. ಕನ್ನಡಕ ಎಲ್ಲರಿಗಿಂತ ಮುಂದೆ ಓಡಾಡುತ್ತಿದ್ದಳು. ಗುಜರಿಗೆ ಹೋದ ಶೆಡ್ಡು ಒಂದೊಂದೇ ಜಾಗ ಹುಡುಕಿಕೊಂಡು ಬಂದು ಕೂತಿತು.

ಉಳಿದದ್ದು ಒಂದೇ, ನಡುಮಧ್ಯದ ಚಿಕ್ಕ ಬೂದು ಚಿತ್ರ. ಬೆಳಿಗ್ಗೆ ಫೋರ್‌ಮನ್ ಸಾಹೇಬರು ಬಾಗಿಲ ಹತ್ತಿರದಿಂದ ತಂದು ಅಲ್ಲಿ ಮಲಗಿಸಿದ್ದರು. ಮೇಲಿನ ಕೈ ಅದರತ್ತ ಬಂದು ನಿಂತುಬಿಟ್ಟಿತು. ಕೆಲಸಗಾರರಿಗೆ ಅದೇನು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಇದನ್ನು ತರಲೇಬಾರದಿತ್ತು ಅಂತ ಟೀಚರ್ ತನ್ನನ್ನು ತಾನೇ ಶಪಿಸಿಕೊಂಡಳು. ಕೈ ಒಳಗೆ ಹೋಯಿತು. ಎದ್ದು ಹೋಗುತ್ತಾನೆ ಅಂದುಕೊಂಡಳು.

ಗಂಟೆ ಬಾರಿಸಿತು. ಮೋಟಾರು ಗುರ್ರೆಂದಿತು. ಉಕ್ಕಿನ ತೊಲೆ ಹಳಿಯ ಮೇಲೆ ನಡೆದು ಬಂತು, ಚಿತ್ರದ ನೇರಕ್ಕೆ ನಿಂತಿತು, ಕೊಕ್ಕೆ ಇಳಿಯಿತು.

"ಹತ್ತು ಟನ್ನಿನ ಕ್ರೇನು, ಇದನ್ನ ಎತ್ತೋಕೆ" ಅಂದಳು ನಾದಿನಿ. ಅನ್ನುತ್ತಲೇ ತನ್ನ ಹೊಲಿಗೆಯ ಚೀಲದಿಂದ ಗಟ್ಟಿ ಬಟ್ಟೆಯ ಪಟ್ಟಿ ತೆಗೆದುಕೊಟ್ಟಳು. ಫೋರ್‌ಮನ್ ಸಾಹೇಬರು ಪ್ಲೇಟಿಗೆ ಬಿಗಿಯುವ ಹಾಗೇ ನಾಲ್ಕು ಮೂಲೆಗೂ ಬಿಗಿದು ಕೊಕ್ಕೆಗೆ ಹಾಕಿದರು. ಆಮೇಲೆ ಹಿಂದೆ ಸರಿದು, "ಟೀಚರಮ್ಮ, ಮುಂದೆ ನಡೀರಿ. ನೀವೇ ಕೈ ತೋರಿಸಬೇಕು. ನಿಮ್ಮನ್ನೇ ನೋಡ್ತಿದ್ದಾನೆ" ಅಂದರು.

ಅವಳಿಗೆ ಆ ಭಾಷೆ ಗೊತ್ತಿತ್ತು, ಊಟದ ತಟ್ಟೆಯ ಮುಂದೆ ಕಲಿತದ್ದು. ತೋರುಬೆರಳು ಮೇಲೆ ಮಾಡಿ ತಿರುಗಿಸಿದಳು. ಚಿತ್ರದ ಖಾಲಿ ನೆಲ ಶೆಡ್ಡಿನ ನೆಲ ಬಿಟ್ಟು ಎದ್ದಿತು. ಅವಳು ಅಂಗೈಯನ್ನು ಬಾಗಿಲ ಕಡೆಗೆ ತಳ್ಳುತ್ತ ಹಿಮ್ಮುಖವಾಗಿ ನಡೆದಳು, ಚಿತ್ರ ಅವಳ ಎದುರಿಗೇ ತೇಲಿಕೊಂಡು ಬಂತು. ರೋಲರು ದಾಟಿ, ಕಟಿಂಗ್ ಜಾಗ ದಾಟಿ, ಮಷೀನುಗಳೆಲ್ಲ ಹೊರಗೆ ಹೋದ ದೊಡ್ಡ ಬಾಗಿಲವರೆಗೆ. ಬಾಗಿಲಲ್ಲಿ ಫಿಟ್ಟರುಗಳು ತಳ್ಳುಗಾಡಿ ತಂದು ನಿಲ್ಲಿಸಿದ್ದರು. ಬೆರಳು ಕೆಳಗೆ ಮಾಡಿ ತಿರುಗಿಸಿದಳು. ಅಷ್ಟು ಮೆಲ್ಲಗೆ ಅವನು ಯಾವ ಭಾರವನ್ನೂ ಇಳಿಸಿರಲಿಕ್ಕಿಲ್ಲ. ಅವಳು ಮುಷ್ಟಿ ಬಿಗಿದಳು, ಕೊಕ್ಕೆ ನಿಂತಿತು. ಪಟ್ಟಿ ಬಿಚ್ಚಿ, ಗಾಡಿ ತಳ್ಳಿ, ಆ ಖಾಲಿಯನ್ನು ಹೊರಗಿನ ಬಯಲಿಗೆ ಒಯ್ದರು. ಯಾರೋ ಚಪ್ಪಾಳೆ ಶುರುಮಾಡಿದರು, ಫೋರ್‌ಮನ್ ಸಾಹೇಬರು ಮೂಗು ಒರೆಸಿಕೊಂಡರು.

ಗೂಡನ್ನು ಮೊದಲಿದ್ದ ತುದಿಗೆ ಒಯ್ದು ನಿಲ್ಲಿಸಿ, ಅವನು ಈ ಸಲ ಒಳಗಿನ ಏಣಿಯಿಂದ ಇಳಿದ. ಕೊನೆಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು, ಆಮೇಲೆ ನೆಲಕ್ಕೆ ಕಾಲಿಟ್ಟ. ಚಿತ್ರಗಳ ನಡುವಿನ ದಾರಿಯಲ್ಲಿ, ಮಷೀನುಗಳಿದ್ದಾಗ ಎಲ್ಲಿ ತಿರುಗಬೇಕಿತ್ತೋ ಅಲ್ಲಿ ತಿರುಗಿಕೊಂಡು, ಅವಳ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು.

"ಚಾಪೆ ಅಂಗಡಿ ಅಂತಿದ್ದೆನಲ್ಲ" ಅಂದ.

"ಅಂತಿದ್ರಿ."

"ಒಂದು ಮಾತು ಹೇಳಬಾರದಿತ್ತಾ?"

"ನೀವೇ ಹೇಳ್ತಿದ್ರಲ್ಲ. ನಾನೂ ಮಾತಾಡಿದ್ರೆ ಕೇಳೋರು ಯಾರು?"

ಅವನು ನಕ್ಕ. ಕಾರ್ಖಾನೆ ಮುಚ್ಚಿದ ಮೇಲೆ ಆ ನಗು ಅವಳು ಕಂಡಿರಲಿಲ್ಲ. "ಬಾ" ಅಂತ ಏಣಿಯ ಕಡೆ ಕೈ ತೋರಿಸಿದ. "ನೀನು ಮೇಲಿಂದ ನೋಡೇ ಇಲ್ವಲ್ಲ."

"ಈ ವಯಸ್ಸಿನಲ್ಲಿ ಏಣಿ ಹತ್ತಿಸ್ತೀಯಾ ಅತ್ತಿಗೇನ?" ಅಂದಳು ನಾದಿನಿ. ಅತ್ತಿಗೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಮೆಟ್ಟಿಲು ಹಿಡಿದಿದ್ದಳು.

ಗೂಡು ಇಬ್ಬರಿಗೆ ಇಕ್ಕಟ್ಟು. ಅವನು ತನ್ನ ಸವೆದ ಸೀಟನ್ನು ಅಂಗೈಯಲ್ಲಿ ಒರೆಸಿ ಅವಳನ್ನು ಕೂರಿಸಿ, ತಾನು ಹಿಂದೆ ಕಂಬಿಗೆ ಒರಗಿ ನಿಂತ. ಕೆಳಗೆ ಜನ ಮತ್ತೆ ಚಿತ್ರಗಳ ನಡುವೆ ಹರಡಿಕೊಳ್ಳುತ್ತಿದ್ದರು. ಅವಳು ಬಹಳ ಹೊತ್ತು ಗಾಜಿಗೆ ಹಣೆ ಹಚ್ಚಿ ನೋಡಿದಳು.

"ನನ್ನ ಕಣ್ಣು ಈಗ ಮೊದಲಿನ ಹಾಗಿಲ್ಲ" ಅಂದ ಅವನು. ಅದು ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. "ಏನೇನು ಕಾಣ್ತಿದೆ, ಹೇಳು."

ಅವಳು ಹೇಳತೊಡಗಿದಳು. ಅವನು ಹೂಂಗುಟ್ಟುತ್ತ ಕೇಳಿದ.